ಸಂದಿ ಕಾಣದ ಹಲಗೆ

ನವೆಂಬರ್ 12, ಬುಧವಾರ

ನನಗೆ ಕೆಲಸ ಕೊಟ್ಟಿರುವ ಸ್ನೇಹಲತಕ್ಕ "ಯಾರಿಗೂ ಹೇಳಬೇಡ" ಎಂದಿದ್ದಾರೆ. ಬರೆಯಬೇಡ ಎಂದಿಲ್ಲ. ಒಳಗೇ ಇಟ್ಟುಕೊಂಡರೆ ನಾಳೆ ಯಾರ ಮುಂದಾದರೂ ಬಾಯಿಗೆ ಬಂದುಬಿಡುತ್ತದೆ. ನನ್ನ ಬಾಯಿ ನನಗೆ ಗೊತ್ತು.

ಇವತ್ತು ಚನ್ನರಾಯಪಟ್ಟಣದಲ್ಲಿ ನಾಮಕರಣದ ಆರ್ಡರ್ ಇತ್ತು, ಹಲಗೆಯ ಮೇಲೆ ಚೀಸು, ಹಣ್ಣು, ತಿಂಡಿ ಜೋಡಿಸಿಕೊಡುವ ನಮ್ಮ ಮಾಮೂಲಿ ಕೆಲಸ. ಮಗುವಿಗೆ ಆನೆ ಇಷ್ಟವಂತೆ. ಮೂರು ತಿಂಗಳ ಮಗುವಿಗೆ ಆನೆ ಹೇಗೆ ಇಷ್ಟವಾಯಿತೋ. ಅಂತೂ ಚೀಸಿನಲ್ಲಿ ಆನೆ ಮಾಡಿದೆವು. ಕಿವಿಗೆ ಬಿಸ್ಕತ್ತು, ಕಣ್ಣಿಗೆ ಒಣದ್ರಾಕ್ಷಿ, ಸುತ್ತ ಕಾಡಿನಂತೆ ಸೌತೆಕಾಯಿ, ಹಸಿರು ದ್ರಾಕ್ಷಿ, ಕೋಡುಬಳೆ. ಎಲ್ಲರೂ ಫೋಟೋ ತೆಗೆದುಕೊಂಡರು. ಆಮೇಲೆ ಮಗುವಿನ ಅಜ್ಜಿ ನನ್ನನ್ನು ಕೇಳಿದರು, "ಇದು ಇವತ್ತು ಕುಯ್ದಿದ್ದೇನವ್ವಾ?" "ಇಲ್ಲ, ನಿನ್ನೆ ಮಧ್ಯಾಹ್ನ" ಎಂದೆ. ಅವರು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ವಾಪಸ್ ಇಟ್ಟರು.

ಸ್ನೇಹಲತಕ್ಕ ಶಾಂತಿಗ್ರಾಮದವರೆಗೂ ಕಾರು ಓಡಿಸಿದರು. ಆಮೇಲೆ ಕೇಳಿದರು.

"ಫ್ರೆಶ್ ಅಂದಿದ್ರೆ ಏನಾಗ್ತಿತ್ತು ಶಾಂತಿ?"

"ಸುಳ್ಳಾಗ್ತಿತ್ತು."

"ಯಾರಾದ್ರೂ ಸಾಯ್ತಿದ್ರಾ?"

"ಇಲ್ಲ."

"ಮತ್ತೆ?"

ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತರು. ಅವರ ಮಾವ ನಂಜಪ್ಪನವರಿಗೆ ಹೊಟ್ಟೆಯಲ್ಲಿ ಗಡ್ಡೆ. ಫೆಬ್ರವರಿ ದಾಟುವುದು ಕಷ್ಟ ಎಂದಿದ್ದಾರಂತೆ ಡಾಕ್ಟರು. ಮುದುಕರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿಟ್ಟಿದ್ದಾರೆ. ಮುಂದಿನ ತಿಂಗಳು ಅವರಿಗೆ ಎಂಬತ್ತು ತುಂಬುತ್ತದೆ. ಅವರಿಗೆ ಇಷ್ಟವಾದದ್ದೆಲ್ಲ ಇರುವ ಒಂದು ದೊಡ್ಡ ಹಲಗೆ ಮಾಡಬೇಕು. "ಇದುವರೆಗೂ ಯಾರೂ ಮಾಡಿರಬಾರದು, ಅಂಥದ್ದು."

ಏನೇನು ಇಷ್ಟ ಎಂದು ಕೇಳಿಕೊಂಡು ಬರಲು ನಾನೇ ಹೋಗಬೇಕಂತೆ. ಮನೆಯವರು ಕೇಳಿದರೆ ಅನುಮಾನ ಬರುತ್ತದೆ. "ಯಾರ ಪೈಕಿ ಅಂದ್ರೆ ಹಾಸನದೋಳು ಅನ್ನು ಸಾಕು."

"ನಮ್ಮೂರು ಹೊಳೆನರಸೀಪುರ ಅಲ್ವಾ ಅಕ್ಕಾ."

ಅವರು ಗಾಡಿ ಸ್ಟಾರ್ಟ್ ಮಾಡಿದರು.

ಕಾಲೇಜು ಬಿಟ್ಟಾಗ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನನಗೇ ಕೂರಲು ಆಗಲಿಲ್ಲ. ಬಟ್ಟೆ ಅಂಗಡಿಯಲ್ಲೂ ಆಗಲಿಲ್ಲ, ಕಂಪ್ಯೂಟರ್ ಕ್ಲಾಸಿನಲ್ಲೂ ಆಗಲಿಲ್ಲ. ಈ ಹಲಗೆಯ ಮುಂದೆ ನಿಂತಾಗ ಮಾತ್ರ ಎಲ್ಲಿಗೂ ಓಡಿಹೋಗಬೇಕು ಅನ್ನಿಸುವುದಿಲ್ಲ. ಅದಕ್ಕೇ ಒಪ್ಪಿಕೊಂಡೆ.

ನವೆಂಬರ್ 16, ಭಾನುವಾರ

ಹಿರೀಸಾವೆಯಲ್ಲಿ ಬಸ್ಸಿಳಿದು ನಂಜಪ್ಪನವರ ಮನೆಗೆ ಆಟೋದಲ್ಲಿ ಹೋದೆ. ದೊಡ್ಡ ಮನೆ, ಮುಂದೆ ಜಗಲಿ, ಹೊಸದಾಗಿ ಟೈಲ್ಸ್ ಹಾಕಿಸಿದ್ದಾರೆ. ಸ್ನೇಹಲತಕ್ಕನ ಅತ್ತೆ ಸುಬ್ಬಮ್ಮಜ್ಜಿ ಬಾಗಿಲಲ್ಲೇ ನಿಂತು ಕೇಳಿದರು.

"ಯಾರ ಪೈಕಿ ಮಗಾ?"

"ಎಸ್ಸಿ ಅಜ್ಜಿ. ನಮ್ಮಪ್ಪ ಬೌದ್ಧ ಆಗವ್ರೆ."

"ಅಂಗಾ" ಎಂದರು. ಮುಖ ಕೆಡಿಸಿಕೊಳ್ಳಲಿಲ್ಲ. ಒಳಗೆ ಹೋಗಿ ನೀರು ತಂದರು. ಲೋಟದಲ್ಲಿ ಅಲ್ಲ, ಮುಚ್ಚಳ ಒಡೆಯದ ಬಾಟಲಿ. ಜಗಲಿ ತೋರಿಸಿದರು. ಕುಳಿತೆ.

ನಂಜಪ್ಪನವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಎದುರಿಗೆ ಕುಳಿತರು. ಎತ್ತರದ ಆಳು. ಅಂಗಿ ಇನ್ನಾರದೋ ಎನ್ನುವಷ್ಟು ದೊಡ್ಡದಾಗಿದೆ. ಬಾಟಲಿ ನೋಡಿದರು, ನನ್ನನ್ನು ನೋಡಿದರು.

"ನಿಜ ಏಳ್ಬುಟ್ಟಾ ಅವ್ಳ್‌ತಾವ?"

"ಊಂ ತಾತ."

"ಸುಳ್ಳೇಳಿದ್ರೆ ಕಾಪಿ ಸಿಕ್ತಿತ್ತಲ್ಲಮ್ಮಿ."

ನಾನು ನಗಲಿಲ್ಲ. ಅವರೊಬ್ಬರೇ ನಕ್ಕರು. ನಗುವಾಗ ಹೊಟ್ಟೆ ಹಿಡಿದುಕೊಂಡರು.

ತಿನ್ನಲು ಏನಿಷ್ಟ ಎಂದು ಕೇಳಿದೆ. "ತಿಂದುದ್ದು ದಕ್ಕೋ ಕಾಲ್ದಲ್ಲಿ ಯಾರೂ ಕೇಳ್ಲಿಲ್ಲ" ಎಂದರು. ಒಳಗಿನಿಂದ ಸುಬ್ಬಮ್ಮಜ್ಜಿ, "ಕೇಳ್ದೇನೆ ಇಕ್ಕಿವ್ನಿ, ಇಷ್ಟ್ ವರ್ಸ. ತಟ್ಟೇಲಿ ಬಿಟ್ಟಿದ್ದು ನಾನ್ ಕಾಣೆ" ಎಂದರು. ಆಮೇಲೆ ಇಬ್ಬರೂ ಸೇರಿ ಹೇಳಿದರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತ. ನಿಪ್ಪಟ್ಟು, ಆದರೆ ಕಡಲೆಕಾಯಿ ಹೆಚ್ಚು ಹಾಕಿದ್ದು. ಎಳ್ಳಿನ ಕಜ್ಜಾಯ. ಹುರಿದ ಅವರೆಕಾಳು. ಬೇಯಿಸಿದ ಕಡಲೆಕಾಯಿ. ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣು. ಬೀಡಿ. ಹಬ್ಬದ ದಿನ ಒಂದು ಕ್ವಾರ್ಟರ್ ಬ್ರಾಂದಿ.

ತಂದಿದ್ದ ಚೀಸಿನ ತುಂಡು ಕೊಟ್ಟೆ. ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಗಿಣ್ಣು ಮಾಡಿ ಮರ್ತೋಗಿ, ನೆಂಟ್ರು ಮನೇಗೋಗಿ ಬಂದು ತಿಂದಂಗೈತೆ."

ನಾನೂ ಮೊದಲ ಸಲ ತಿಂದಾಗ ಹಾಗೇ ಅನ್ನಿಸಿತ್ತು. ಹೇಳಲು ಗೊತ್ತಾಗಿರಲಿಲ್ಲ.

ನವೆಂಬರ್ 18

ಅರಕಲಗೂಡಿನ ಆರ್ಡರ್ ಕ್ಯಾನ್ಸಲ್. ಇಡೀ ದಿನ ಕೆಲಸವಿಲ್ಲ. ಊರು ಸುತ್ತಿದೆ.

ನವೆಂಬರ್ 24, ಸೋಮವಾರ

ಮತ್ತೆ ಹೋಗಿದ್ದೆ. ಯಾವ ಚೀಸನ್ನು ತಿನ್ನುತ್ತಾರೆ ಎಂದು ನೋಡಬೇಕಿತ್ತು. ಎಂಟು ದಿನದಲ್ಲಿ ಮನುಷ್ಯ ಇಷ್ಟು ಇಳಿಯುತ್ತಾನೆಂದು ಗೊತ್ತಿರಲಿಲ್ಲ. ಕೈಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು.

ಒಂದೊಂದೇ ತುಂಡು ಕೊಟ್ಟು ಹೆಸರು ಹೇಳಿದೆ. ಒಂದರ ಹೆಸರು ಗೌಡಾ.

"ನಮ್ಮೋರ್ದೇ ಐತಾ?" ಎಂದರು. "ನಿಮ್ಮೋರ್ದ್ಯಾವ್ದು?"

"ಅದ್ನ ಇನ್ನೂ ಮಾಡಿಲ್ಲ ತಾತ."

"ಮಾಡ್ದ್ರೂ ಅದ್ನ ಜಗ್ಲಿ ಮ್ಯಾಲೇ ಮಡಗ್ತಾರೆ ಬುಡು."

ಇದನ್ನು ನಗುತ್ತಾ ಹೇಳಿದರೋ ಸುಮ್ಮನೆ ಹೇಳಿದರೋ ತಿಳಿಯಲಿಲ್ಲ. ಅವರೇನು ಒಳ್ಳೆಯವರಲ್ಲ. ಹಿಂದೆ ನಮ್ಮಂಥವರನ್ನು ಹೊಲದಲ್ಲಿ ಹೇಗೆ ದುಡಿಸಿಕೊಳ್ಳುತ್ತಿದ್ದರು ಎನ್ನುವುದನ್ನೂ ಇವತ್ತು ಅವರೇ ಹೇಳಿದರು, ಮಳೆಯ ವಿಷಯ ಹೇಳುವ ಹಾಗೆ. ನನಗೆ ಸಿಟ್ಟು ಬಂತು. ಬಂತು ಎಂದೆ. "ಬರ್ಬೇಕಾದ್ದೇ" ಎಂದರು.

ಆಮೇಲೆ ಬೀಡಿ ಹಚ್ಚಿದರು. ಸುಬ್ಬಮ್ಮಜ್ಜಿ ಒಳಗೆ ಹೋಗಿದ್ದರು. ತಾತ ದನಿ ತಗ್ಗಿಸಿದರು.

"ಮೊದ್ಲು ನಾನ್ ಬೀಡಿ ಮುಟ್ಟುದ್ರೆ ಇವ್ಳು ಬೀದಿಗೆಲ್ಲ ಕೇಳಂಗೆ ಬೈಯೋಳು. ಈಗ ಬೆಂಕಿಪಟ್ನ ತಾನೇ ತಂದ್ಕೊಡ್ತಾಳೆ. ಯಾಕಮ್ಮಿ?"

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ.

"ಇವತ್ ಬ್ಯಾಡ" ಎಂದರು. "ಯಾವತ್ತಾನ ಒಂದಿನ ಕೇಳ್ತೀನಿ. ಇವ್ರೆಲ್ಲ ನನ್ ಮಕ ನೋಡ್ಕಂಡ್ ಮಾತಾಡ್ತಾರೆ. ನೀನೊಬ್ಳು ಅಂಗಲ್ಲ. ಕೇಳ್ದಾಗ ಏಳ್ತೀಯಾ?"

"ಏಳ್ತೀನಿ ತಾತ."

ಮಾತು ಕೊಟ್ಟುಬಿಟ್ಟೆ.

ನವೆಂಬರ್ 27, ಗುರುವಾರ

ಸ್ನೇಹಲತಕ್ಕನಿಗೆ ನೇರವಾಗಿ ಹೇಳಿದೆ. ತಾತ ಕೇಳಿದರೆ ನಾನು ಇದ್ದದ್ದು ಹೇಳುತ್ತೇನೆ. ಅದಕ್ಕಿಂತ ಮುಂಚೆ ನೀವೇ ಹೇಳಿಬಿಡಿ. ಅವರು ಕೈಯಲ್ಲಿದ್ದ ಚಾಕು ಕೆಳಗಿಟ್ಟರು. ಬೈಯಲಿಲ್ಲ. ಗಂಡನನ್ನು ಕರೆದರು.

ದೇವರಾಜ್ ಅಣ್ಣ ನನ್ನೊಂದಿಗೆ ಇದುವರೆಗೆ ನಾಲ್ಕು ಮಾತು ಆಡಿದವರಲ್ಲ. ಇವತ್ತು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು.

"ನೀನ್ ಏಳ್ಬುಟ್ಟು ಬಸ್ ಅತ್ಕಂಡ್ ಓಯ್ತೀಯ. ಅವತ್ ರಾತ್ರಿ ನಮ್ಮಪ್ಪನ್ ಪಕ್ಕ ಮಲ್ಗೋದ್ ಯಾರು? ನಮ್ಮವ್ವ. ಅದು ಗೊತ್ತಾ ನಿಂಗೆ?"

"ಅವ್ರಿಗೇ ಗೊತ್ತಾಗ್ಬೇಕು ಅನ್ನಿಸ್ತೈತಲ್ಲ ಅಣ್ಣಾ."

"ನಮ್ಮಪ್ಪನ್ ಸಾವು ನಮ್ದು ಕಣಮ್ಮ. ನಿಂದಲ್ಲ."

ಎದ್ದು ಹೋದರು. ಬಸ್ಸಿನಲ್ಲಿ ಹೊಳೆನರಸೀಪುರದವರೆಗೂ ಉತ್ತರ ಹುಡುಕಿದೆ.

ಡಿಸೆಂಬರ್ 5, ಶುಕ್ರವಾರ

ಹಲಗೆ ಸಿದ್ಧವಾಗುತ್ತಿದೆ. ಇಷ್ಟು ದೊಡ್ಡದನ್ನು ನಾವು ಮಾಡಿರಲಿಲ್ಲ. ಮೇಜಿನಷ್ಟೇ ಉದ್ದ. ಮರ ಕಾಣದಂತೆ ಬಾಳೆ ಎಲೆ ಹಾಸಬೇಕೆಂದು ನಾನು ಹೇಳಿದೆ. ಮೊದಲು ಬಟ್ಟಲುಗಳನ್ನು ಇಡುತ್ತೇವೆ, ಆಮೇಲೆ ಚೀಸ್, ಆಮೇಲೆ ನಿಪ್ಪಟ್ಟು ಕೋಡುಬಳೆಗಳ ಸಾಲು, ಕೊನೆಗೆ ಉಳಿದ ಸಂದಿಗಳಿಗೆ ದ್ರಾಕ್ಷಿ, ಕಡಲೆಕಾಯಿ, ಅವರೆಕಾಳು. ಸಂದಿ ಕಾಣಬಾರದು. ಅದೊಂದೇ ನಿಯಮ. ಕೆಳಗೇನಿದೆ ಎಂದು ನೆಂಟರ ಕಣ್ಣಿಗೆ ಬೀಳಬಾರದು.

ಸ್ನೇಹಲತಕ್ಕನ ಯೋಚನೆ: ನಡುವೆ ತಾತನ ಫೋಟೋ, ಮೀಸೆ ಇದ್ದಾಗಿನದು, ಚೌಕಟ್ಟು ಹಾಕಿದ್ದು. ಸುತ್ತ ಸೇವಂತಿಗೆ. ಪುಟ್ಟ ದೀಪಗಳು. ಒಂದು ಮೂಲೆಯಲ್ಲಿ ಬೀಡಿ ಕಟ್ಟು, ಬ್ರಾಂದಿ. ಗಿಣ್ಣು ಸಿಗಲಿಲ್ಲ, ಹಾಲಿನಪುಡಿಯಲ್ಲಿ ಮಾಡಿದ್ದು ಬೇಡ ಎಂದೆ. ಚೀಸನ್ನೇ ಗಿಣ್ಣಿನ ಹಾಗೆ ವಜ್ರಾಕಾರದಲ್ಲಿ ಕುಯ್ದೆ, ಮೇಲೆ ಏಲಕ್ಕಿ ಪುಡಿ.

ಯಾವ ಹಲಗೆಯನ್ನೂ ಇಷ್ಟು ಆಸೆಯಿಂದ ಮಾಡಿಲ್ಲ. ಅವರು ಇದನ್ನು ನೋಡಿ ಏನಾದರೂ ಕೆಟ್ಟದಾಗಿ ಹೇಳಬೇಕು, ನಾನು ಕೇಳಬೇಕು. ಅಷ್ಟೇ.

ಡಿಸೆಂಬರ್ 7, ಭಾನುವಾರ

ಹಜಾರದಲ್ಲಿ ಮೇಜು ಹಾಕಿದ್ದರು. ನಾನು ನಡುಮನೆಯ ಹೊಸ್ತಿಲು ದಾಟಬಾರದು ಎಂದು ಸುಬ್ಬಮ್ಮಜ್ಜಿ ಸ್ನೇಹಲತಕ್ಕನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ದಾಟುವ ಕೆಲಸವೂ ಇರಲಿಲ್ಲ. ಎರಡೂವರೆ ಗಂಟೆ ನಿಂತೇ ಜೋಡಿಸಿದೆ. ನೆಂಟರೆಲ್ಲ ಹೊರಗೆ ಪೆಂಡಾಲಿನಲ್ಲಿದ್ದರು. ಮುಗಿದ ಮೇಲೆ ದೀಪ ಹಚ್ಚಿ, ಕಿಟಕಿಯ ಪರದೆ ಎಳೆದು, ಎಲ್ಲರನ್ನೂ ಒಳಗೆ ಕರೆದರು. ತಾತ ಹೊಸ ಪಂಚೆ ಉಟ್ಟು ಮಗನ ತೋಳು ಹಿಡಿದುಕೊಂಡು ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬರು ಮೊಬೈಲಿನಲ್ಲಿ ಹಾಡು ಹಾಕಿದರು.

ಆಗ ತಾತನ ತಂಗಿ ಪುಟ್ಟತಾಯಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಫೋಟೋ ನೋಡಿದರು, ಹೂ ನೋಡಿದರು, ಬೀಡಿ, ಬ್ರಾಂದಿ ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯೋ ನಮ್ಮಪ್ಪಾ, ಬದ್ಕಿರೋನ್ಗೆ ಎಡೆ ಇಕ್ಬುಟ್ಟವ್ರಲ್ಲೋ."

ಹಾಡು ನಿಂತಿತು.

ನನಗೆ ತಕ್ಷಣ ತಿಳಿಯಲಿಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರ ಫೋಟೋ ಇಟ್ಟು, ಹೂವು ಮುಡಿಸಿ, ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಕ್ಕುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಬ್ರಾಂದಿ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಬರುತ್ತಾರೆ, ಅವರು ಬಂದು ಉಣ್ಣಲಿ ಎಂದು. ನಮ್ಮಪ್ಪ ಇದನ್ನೆಲ್ಲ ನಾನು ಸಣ್ಣವಳಿದ್ದಾಗಲೇ ಬಿಟ್ಟರು. ನಾನು ಎಡೆ ನೋಡಿದ್ದೇ ಇಲ್ಲ, ಬೇರೆಯವರ ಮನೆಯ ಮುಚ್ಚಿದ ಬಾಗಿಲು ನೋಡಿದ್ದೇನೆ. ಸ್ನೇಹಲತಕ್ಕ ಈ ಮನೆಯಲ್ಲಿ ಪ್ರತಿ ವರ್ಷ ನೋಡಿದ್ದಾರೆ. ಆದರೆ ಅದು ನಡುಮನೆಯಲ್ಲಿ, ನೆಲದ ಮೇಲೆ. ಇದು ಮೇಜಿನ ಮೇಲೆ, ಚೀಸಿನ ಜೊತೆ. ಅವರಿಗೂ ಹೊಳೆದಿರಲಿಲ್ಲ. ಅವರ ಮುಖ ಸುಣ್ಣವಾಯಿತು.

ದೇವರಾಜ್ ಅಣ್ಣ ಫೋಟೋ ತೆಗೆಯಲು ಕೈ ಚಾಚಿದರು. ತಾತ ಆ ಕೈಯನ್ನು ಹಿಡಿದುಕೊಂಡರು.

"ಬುಡ್ಲಾ. ಚೆಂದಾಗೈತೆ." ಸುತ್ತ ಎಲ್ಲರನ್ನೂ ನೋಡಿದರು. "ಯಾಕ್ರಪ್ಪಾ, ಒಬ್ರಾದ್ರೂ ನಗಬಾರ್ದಾ? ಬದ್ಕಿರೋ ಮುದ್ಕನ್ ಮುಂದೆ ಎಡೆ ಇಕ್ಕವ್ರೆ. ನಗೋ ಇಸ್ಯ ಅಲ್ವಾ ಇದು?"

ಯಾರೂ ನಗಲಿಲ್ಲ. ಆರೋಗ್ಯವಾಗಿದ್ದವರ ಮುಂದೆ ಹೀಗಾಗಿದ್ದರೆ ಇಡೀ ಹಜಾರ ಬಿದ್ದು ಬಿದ್ದು ನಗುತ್ತಿತ್ತು. ಸುಬ್ಬಮ್ಮಜ್ಜಿ ಗೋಡೆಗೆ ಒರಗಿದರು. ತಾತ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು. ಕೆಲವರು ತಲೆ ತಗ್ಗಿಸಿದರು.

"ದೇವ್ರಾಜಾ, ಏನ್ಲಾ ಅಂದ ಡಾಕ್ಟ್ರು?"

"ಗ್ಯಾಸ್ಟ್ರಿಕ್ಕು ಅಂತ ಅವತ್ತೇ ಏಳುದ್ನಲ್ಲಪ್ಪಾ."

ತಾತ ನನ್ನ ಕಡೆ ತಿರುಗಿದರು. ನಾನು ಮೇಜಿನ ಆಚೆ ಬದಿಯಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ.

"ನೀನೇಳಮ್ಮಿ."

ಸುಬ್ಬಮ್ಮಜ್ಜಿ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನೀರಿನ ಬಾಟಲಿ ಕೊಟ್ಟವರು. ಅವರು ಎರಡು ಕೈ ಜೋಡಿಸಿರಲಿಲ್ಲ, ಆದರೆ ಜೋಡಿಸಿದ ಹಾಗೇ ಇತ್ತು.

"ನಂಗೇನ್ ಗೊತ್ತು ತಾತ" ಎಂದೆ. "ನಾನು ಚೀಸ್ ಕುಯ್ಯೋಳು."

ಅವರು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ನೀನೂವೆ ಕಲ್ತ್ಕಬುಟ್ಟೆ" ಎಂದರು.

ಆಮೇಲೆ ಎಲ್ಲರಿಗೂ ಹೇಳಿದರು, "ಎಡೆ ಇಕ್ಕುದ್ಮ್ಯಾಕೆ ಇಲ್ಲೇನ್ ನಿಂತ್ಕಂಡ್ ನೋಡ್ತೀರಿ. ನಡೀರಿ ಆಚ್ಗೆ. ಬಾಗ್ಲಾಕಿ."

ಡಿಸೆಂಬರ್ 9, ಮಂಗಳವಾರ

ಉಳಿದದ್ದನ್ನು ಬರೆದುಬಿಡುತ್ತೇನೆ.

ಎಲ್ಲರೂ ಆಚೆ ಬಂದೆವು. ಮಗ, ಸೊಸೆ, ನೆಂಟರು, ಮಕ್ಕಳು, ಉಡುಗೊರೆ ಹಿಡಿದವರು. ತಾತ ಒಳಗಿನಿಂದ ಚಿಲಕ ಹಾಕಿಕೊಂಡರು. ಅಡುಗೆಯವರು ಪಲಾವಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಒಳಗಿನಿಂದ ಸದ್ದಿಲ್ಲ. ಹಬ್ಬದಲ್ಲಾದರೆ ಸ್ವಲ್ಪ ಹೊತ್ತಿಗೆ ಮನೆಯ ಹಿರಿಯ ಬಾಗಿಲು ತಟ್ಟಿ ತೆಗೆಯುತ್ತಾನಂತೆ. ಮನೆಯ ಹಿರಿಯ ಒಳಗಿದ್ದರು.

ಕೊನೆಗೆ ಸುಬ್ಬಮ್ಮಜ್ಜಿ ಹೋಗಿ ತಟ್ಟಿದರು. "ಉಂಡಾಯ್ತಾ?" ಎಂದು ಕೇಳಿದರು. ಹಬ್ಬದಲ್ಲಿ ಹಾಗೆ ಕೇಳುತ್ತಾರೋ, ಅವರೇ ಕೇಳಿದರೋ ನನಗೆ ಗೊತ್ತಿಲ್ಲ.

ಬಾಗಿಲು ತೆಗೆದುಕೊಂಡಿತು. ತಾತ ಟವೆಲಿನಿಂದ ಬಾಯಿ ಒರೆಸುತ್ತ ನಿಂತಿದ್ದರು. ಪ್ರತಿಯೊಂದು ಸಾಲಿನಿಂದಲೂ ಒಂದೊಂದು ತುಂಡು ತೆಗೆದಿದ್ದರು. ಹಲಗೆಯ ತುಂಬ ಸಣ್ಣ ಸಣ್ಣ ಸಂದಿ. ಬ್ರಾಂದಿ ಮುಟ್ಟಿರಲಿಲ್ಲ.

"ಇರೀಕ್ರು ಉಂಡವ್ರೆ. ಈಗ ನೀವು ತಿನ್ನಿ" ಎಂದರು. ಈಗ ಜನ ನಕ್ಕರು. ಬಹಳ ಜೋರಾಗಿ ನಕ್ಕರು. ನಕ್ಕು ಪಲಾವಿನ ಕಡೆ ಹೋದರು. ಹಲಗೆಯನ್ನು ಯಾರೂ ಮುಟ್ಟಲಿಲ್ಲ. ಸಾಯಂಕಾಲ ನಾನೂ ಸ್ನೇಹಲತಕ್ಕನೂ ಎಲ್ಲವನ್ನೂ ಕವರಿಗೆ ತುಂಬಿ, ಹಾಸನಕ್ಕೆ ತಂದು, ಕಸದ ಗಾಡಿಗೆ ಕೊಟ್ಟೆವು.

ಅವ್ವನಿಗೆ ಇವತ್ತು ಹೇಳಿದೆ. ಅವ್ವ ರಾಗಿ ಕೇರುತ್ತಿದ್ದಳು. "ಮನಸ್ನಲ್ಲಿ ಎಣ ಮಡೀಕಂಡು ಕೈಲಿ ಅಬ್ಬ ಮಾಡಾಕಾಯ್ತದಾ" ಎಂದಳು. ಮೊರ ನಿಲ್ಲಿಸಲಿಲ್ಲ.

ಡಿಸೆಂಬರ್ 14

ಅರಕಲಗೂಡು. ಸೀಮಂತ. ತೊಟ್ಟಿಲ ಥೀಮ್. ಫ್ರೆಶ್ಶಾ ಎಂದರು, ಹೌದು ಎಂದೆ. ಮುಗಿಯಿತು. ಸ್ನೇಹಲತಕ್ಕ ಇನ್ನು ಮೇಲೆ ಚಿಕ್ಕ ಆರ್ಡರ್‌ಗಳಿಗೆ ನೀನೊಬ್ಬಳೇ ಹೋಗಬಹುದು ಎಂದರು.

ಡಿಸೆಂಬರ್ 21, ಭಾನುವಾರ

ತಾತನಿಗೆ ನಿಜ ಹೇಳಿಬಿಡಬೇಕೆಂದು ಹೋಗಿದ್ದೆ. ದೇವರಾಜ್ ಅಣ್ಣ ಬೈದರೂ ಸರಿ, ಕೆಲಸ ಹೋದರೂ ಸರಿ. ಕೊಟ್ಟ ಮಾತು.

ಜಗಲಿಯ ಮೇಲೆ ಮಂಚ ಹಾಕಿದ್ದಾರೆ. ಕಂಬಳಿಯ ಕೆಳಗೆ ಮನುಷ್ಯ ಇದ್ದಾನೆ ಎಂದು ಗೊತ್ತಾಗಬೇಕಾದರೆ ಹತ್ತಿರ ಹೋಗಬೇಕು. ಸುಬ್ಬಮ್ಮಜ್ಜಿ ಬಾಟಲಿ ತಂದಿಟ್ಟು, ಬಾಗಿಲ ಒಳಗೆ ಅವರೆಕಾಯಿ ಸುಲಿಯುತ್ತಾ ಕುಳಿತರು. ಸುಲಿಯುವ ಸದ್ದು ಕೇಳುತ್ತಿತ್ತು.

"ತಾತ, ಅವತ್ತು ನೀವು ಕೇಳಿದ್ರಲ್ಲ" ಎಂದೆ.

ಸುಲಿಯುವ ಸದ್ದು ನಿಂತಿತು.

"ಏನ್ ಕೇಳಿದ್ದೆ? ಡಾಕ್ಟ್ರ್ ಇಸ್ಯನಾ?" ತಾತನ ದನಿ ಒಮ್ಮೆಲೇ ಜೋರಾಯಿತು. ಅಷ್ಟು ಜೋರಾಗಿ ಮಾತಾಡಲು ಅವರಿಗೆ ಎಷ್ಟು ಕಷ್ಟವಾಯಿತು ಎಂದರೆ, ಕುತ್ತಿಗೆಯ ನರ ಎದ್ದು ನಿಂತವು. "ಗ್ಯಾಸ್ಟ್ರಿಕ್ಕು ಕಣಮ್ಮಿ. ನನ್ ಮಗ ಸುಳ್ಳೇಳ್ತಾನಾ? ಈ ಸುಟ್ಟ ಕಡ್ಲೇಬ್ಯಾಳೆ ಬುಟ್ರೆ ಸರೋಯ್ತದೆ."

ಒಳಗೆ ಮತ್ತೆ ಸದ್ದು ಶುರುವಾಯಿತು.

ಅವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಉಸಿರಾಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ನಾನ್ ನಂಬಿವ್ನಿ ಅಂತ ಅವ್ಳ್ಗೆ ಅನ್ನುಸ್ದಾಗ್ಲಿಂದ ನಿದ್ದೆ ಮಾಡ್ತಾವ್ಳೆ."

ನನ್ನ ಬಾಯಿಯವರೆಗೂ ಬಂದದ್ದು ಅಲ್ಲೇ ನಿಂತಿತು.

"ಯುಗಾದಿ ಮಾರ್ನೆ ದಿಸ ಬಾ" ಎಂದರು, ಮತ್ತೆ ಜೋರಾಗಿ. ಯುಗಾದಿ ಬರುವುದು ಮಾರ್ಚಿನಲ್ಲಿ. "ಒಸ್ತೊಡಕಿಗೆ. ಮರಿ ಕುಯ್ಯುಸ್ತೀನಿ. ಜಗ್ಲಿ ಮ್ಯಾಲಲ್ಲ, ಒಳೀಕೆ, ನನ್ ಪಕ್ದಲ್ಲೇ ಎಲೆ ಆಕುಸ್ತೀನಿ. ಇವ್ಳೇ ಬಡುಸ್ತಾಳೆ. ಏನಮ್ಮಿ, ಬತ್ತೀಯಾ?"

"ಬತ್ತೀನಿ ತಾತ."

"ಮಾತ್ ತಪ್ಪುಸ್ಬಾರ್ದು."

"ತಪ್ಪುಸಾಕಿಲ್ಲ. ಆದ್ರೆ ನಂಗೆ ತೊಡೆ ಕಡೇದೇ ಬೇಕು. ತಲೆ ಮಾಂಸ ತಿನ್ನಾಕಿಲ್ಲ ನಾನು."

"ತೊಡೆ ನಂದು ಕಣೇ. ನಿಂಗೆ ಪಕ್ಕೆ."

"ಪಕ್ಕೆ ಯಾರ್ಗ್ ಬೇಕು ತಾತ. ಅರ್ಧ ಅರ್ಧ."

ಹೀಗೇ ಚೌಕಾಸಿ ಮಾಡುತ್ತಾ ಕುಳಿತೆವು. ಸಾರಿಗೆ ಹುರುಳಿ ಹಾಕಬೇಕೋ ಬೇಡವೋ ಎಂದು ಸುಬ್ಬಮ್ಮಜ್ಜಿಯೂ ಒಳಗಿನಿಂದ ಸೇರಿಕೊಂಡರು. ನಾಲ್ಕು ಗಂಟೆಯ ಬಸ್ಸು ಹೋಗಿಯೇ ಬಿಟ್ಟಿತು.